ಕೆಂಪು ಹುಂಜದ ಹೊತ್ತು

೨೦೨೫ರ ಫೆಬ್ರುವರಿ ೧೬, ಆದಿತ್ಯವಾರ, ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷ. ಕುದ್ರೋಳಿಯ ಮನೆಯಂಗಳದಲ್ಲಿ ಯೋಗೀಶ್ ಹಳೆಯ ಆಲ್ಟೊದ ಬಾನೆಟ್ಟು ಎತ್ತಿ ಸಲಾಕೆ ಕೊಟ್ಟು ನಿಲ್ಲಿಸಿದಾಗ, ಅವನ ತಮ್ಮ ಶೈಲೇಶ್ ಬಟ್ಟೆ ಒಗೆಯುವ ಕಲ್ಲಿನ ಮೇಲೆ ತಲವಾರು ಮಸೆಯುತ್ತಿದ್ದ. ಜಗಲಿಯ ಕೊಕ್ಕೆಯಲ್ಲಿ ಸತ್ತ ಕೆಂಪು ಹುಂಜವೊಂದು ತಲೆಕೆಳಗಾಗಿ ನೇತಾಡುತ್ತಿತ್ತು. ಅದರ ಎದೆಯ ಸೀಳಿನ ಮೇಲೆ ನೊಣಗಳು ಕೂರುತ್ತಿದ್ದವು, ತಲವಾರಿನ ಸದ್ದು ಜೋರಾದಾಗ ಏಳುತ್ತಿದ್ದವು, ಮತ್ತೆ ಕೂರುತ್ತಿದ್ದವು.

ಅದು ನಿನ್ನೆಯ ಹುಂಜ. ವಾಮಂಜೂರಿನಾಚೆ ಕೊಯ್ಲಾದ ಗದ್ದೆಯಲ್ಲಿ ಕೋಳಿ ಅಂಕವಿತ್ತು. ಯಾವ ಬಣ್ಣದ ಕೋಳಿ ಯಾವ ಹೊತ್ತಿಗೆ ಗೆಲ್ಲುತ್ತದೆಂದು ಹೇಳುವ ಕುಕ್ಕುಟ ಪಂಚಾಂಗ ನೋಡಿ, ಕೆಂಪು ಗೆಲ್ಲುವ ಹೊತ್ತಿಗೇ ಶೈಲೇಶ್ ತನ್ನ ಹುಂಜವನ್ನು ಕಣಕ್ಕಿಳಿಸಿದ್ದ. ಅದರ ಕಾಲಿಗೆ ಬಾಳ್ ಕಟ್ಟಿದ್ದೂ ಅವನೇ. ಬಾಳ್ ಎಂದರೆ ಬೆರಳುದ್ದದ ಬಾಗಿದ ಕತ್ತಿ. ನೂಲು ಸುತ್ತಿ ಅದನ್ನು ಕೋಳಿಯ ಕಾಲಿಗೆ ಬಿಗಿಯುವುದರಲ್ಲಿ ಶೈಲೇಶನದು ಎತ್ತಿದ ಕೈ ಎಂದು ಊರೇ ಹೇಳುತ್ತಿತ್ತು. ಆದರೂ ತೊಕ್ಕೊಟ್ಟಿನ ಬೂಬ ಎಂಬವನ ಬಿಳಿ ಹುಂಜ ಎರಡೇ ನೆಗೆತಕ್ಕೆ ಇದರ ಎದೆ ಬಗೆಯಿತು. ಕೆಂಪಿನ ಹೊತ್ತಿನಲ್ಲಿ ಕೆಂಪು ಸೋಲಬೇಕಾದರೆ ಎದುರಿನ ಕತ್ತಿಗೆ ವಿಷ ಹಚ್ಚಿರಲೇಬೇಕು ಎಂದು ಶೈಲೇಶ್ ಕಣದಲ್ಲೇ ಕೂಗಿದ.

ಸೋತ ಕೋಳಿ ಗೆದ್ದವನ ಪಾಲು. ಅವನು ಅದನ್ನು ಮನೆಗೆ ಒಯ್ದು ಸಾರು ಮಾಡಿ ಉಂಡರೆ ಅಲ್ಲಿಗೆ ಹಗೆಯೂ ಮುಗಿಯಿತು ಎಂದು ಲೆಕ್ಕ. ಬೂಬ ಒಯ್ಯಲಿಲ್ಲ. ಸತ್ತ ಹುಂಜವನ್ನು ಕಾಲು ಹಿಡಿದೆತ್ತಿ, ಸೇರಿದ ಜನರೆದುರು, ಒಗೆಯುವ ಬಟ್ಟೆಯನ್ನು ಕಲ್ಲಿಗೆ ಬಡಿದಂತೆ ಶೈಲೇಶನ ಮುಖಕ್ಕೆ ಬಡಿದ. ಕೈ ದಣಿಯುವವರೆಗೂ ಬಡಿದ. ಕೊನೆಗೆ ಅದನ್ನು ಅವನ ಕಾಲ ಬುಡಕ್ಕೆ ಎಸೆದು, "ವಿಷದ ಕೋಳಿ ಅಲ್ವಾ, ನೀನೇ ತಿನ್ನು ಮಾರಾಯ" ಎಂದ. ಜನ ನಕ್ಕರು. ಹುಂಜದ ಕೊಕ್ಕು ಗೀರಿದ ಗುರುತು ಶೈಲೇಶನ ಕೆನ್ನೆಯ ಮೇಲೆ ಇನ್ನೂ ಕೆಂಪಗಿತ್ತು.

"ಕಾರು ಆಗ್ತದಾ, ಇಲ್ವಾ?" ಎಂದು ಕೇಳಿದ್ದು ಶೈಲೇಶನಲ್ಲ, ತಾಯಿ ನಳಿನಾಕ್ಷಿ. ಜಗಲಿಯ ತುದಿಯಲ್ಲಿ ಮೆಟ್ಟುಕತ್ತಿಯ ಮೇಲೆ ಕಾಲಿಟ್ಟು ಬಂಗುಡೆ ಮೀನಿನ ತಲೆ ತೆಗೆಯುತ್ತಿದ್ದಳು.

"ನೋಡ್ತಾ ಇದ್ದೇನೆ ಅಮ್ಮ. ರೇಡಿಯೇಟರ್ ಸೋರ್ತಾ ಉಂಟು."

"ನಿಮ್ಮ ಅಪ್ಪ ಇದ್ದಿದ್ರೆ ನಿನ್ನೆ ಸಂಜೆಯೇ ನಡ್ಕೊಂಡಾದ್ರೂ ಹೋಗ್ತಿದ್ರು. ಇವನಿಗೆ ಕಾರು ಬೇಕು, ಗಂಧ ಬೇಕು, ಹೂವು ಬೇಕು."

ಶೈಲೇಶ್ ಮಸೆಯುವುದನ್ನು ನಿಲ್ಲಿಸಿ ತಾಯಿಯನ್ನು ನೋಡಿದ. ಕಲ್ಲಿಗೆ ನೀರು ಚಿಮುಕಿಸಿ ಮತ್ತೆ ಮಸೆಯತೊಡಗಿದ. ಕಾರು ಬೇಕಾದದ್ದು ಜಂಬಕ್ಕಲ್ಲ. ಅಷ್ಟುದ್ದದ ತಲವಾರನ್ನು ಸ್ಕೂಟರಿನಲ್ಲಿ ಅಡಗಿಸಲಾಗುವುದಿಲ್ಲ, ರಿಕ್ಷಾದಲ್ಲಿ ಒಯ್ಯಲಾಗುವುದಿಲ್ಲ. ಆದಿತ್ಯವಾರ ಗ್ಯಾರೇಜುಗಳು ಮುಚ್ಚಿರುತ್ತವೆ. ತೆರೆದಿದ್ದರೂ ಹೊರಗಿನವರ ಕಣ್ಣಿಗೆ ಇದು ಬೀಳುವುದು ಅವನಿಗೆ ಬೇಕಿರಲಿಲ್ಲ. ಇವತ್ತೂ ಸಂಜೆ ನಾಲ್ಕರವರೆಗೆ ಕೆಂಪಿನ ಹೊತ್ತು. ಅಷ್ಟರೊಳಗೆ ತೊಕ್ಕೊಟ್ಟು ಸೇರಬೇಕು, ಹುಂಜವನ್ನು ಬೂಬನ ಬಾಯಿಗೆ ತುರುಕಬೇಕು, ಆಮೇಲೆ ಕಡಿಯಬೇಕು. ಇದನ್ನು ಅವನು ಬೆಳಿಗ್ಗೆ ಗಂಜಿ ಉಣ್ಣುತ್ತಾ, ಮದುವೆಗೆ ಹೊರಡುವವರು ಬಸ್ಸಿನ ವಿಷಯ ಮಾತಾಡುವ ಹಾಗೆ, ಎಲ್ಲರೆದುರು ಹೇಳಿದ್ದ. ಬೇಡ ಎಂದ ಹೆಂಡತಿ ಅಶ್ಮಿತಾಳ ಬಾಯಿಗೆ ಕಂಚಿನ ಲೋಟ ಬೀಸಿದ್ದ. ಅವಳ ಕೆಳತುಟಿ ಒಡೆದಿತ್ತು.

ಯೋಗೀಶ್ ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಬೋಧಕ. ಮನೆಯ ಮಿಕ್ಸಿ, ನಲ್ಲಿ, ಇಸ್ತ್ರಿಪೆಟ್ಟಿಗೆ ಎಲ್ಲ ಅವನ ಕೈಯಲ್ಲೇ ರಿಪೇರಿ. ರೇಡಿಯೇಟರಿನ ಅಡಿಯ ಪೈಪು ಸಡಿಲಿಸಿ ಉಳಿದ ನೀರನ್ನು ಬಾಲ್ದಿಗೆ ಇಳಿಸಿದ. ಮೇಲಿನ ಪೈಪು ಕಳಚಿದ, ಫ್ಯಾನಿನ ವಯರು ಬಿಡಿಸಿದ, ಎರಡು ಬೋಲ್ಟು ತೆಗೆದು ರೇಡಿಯೇಟರನ್ನು ಮಗುವನ್ನು ತೊಟ್ಟಿಲಿಂದ ಎತ್ತುವಂತೆ ಎತ್ತಿದ. ಸೋರುವ ಜಾಗ ಹುಡುಕಲು ಅದರ ಬಾಯಿಗಳಿಗೆ ಸೈಕಲ್ ಟ್ಯೂಬಿನ ತುಂಡು ಬಿಗಿದು, ಬಟ್ಟೆ ನೆನೆಸುವ ತೊಟ್ಟಿಯಲ್ಲಿ ಮುಳುಗಿಸಿ, ಪಂಪಿನಿಂದ ಗಾಳಿ ಹೊಡೆದ.

ಕಲ್ಲು ಬಡಿದು ತೂತಾಗಿದ್ದರೆ ಗುಳ್ಳೆ ಒಂದೇ ಕಡೆಯಿಂದ ಬರಬೇಕು. ಇಲ್ಲಿ ಅವು ಸಾಲಾಗಿ, ಹೊಲಿಗೆ ಬಿಚ್ಚಿಕೊಂಡಂತೆ ಮೇಲೆದ್ದವು. ಯೋಗೀಶನ ಕೈ ಪಂಪಿನ ಮೇಲೆ ನಿಂತಿತು. ತಮ್ಮ ಅಲ್ಲೇ, ಒಂದು ಮಾರು ದೂರದಲ್ಲಿ, ತಲವಾರಿನ ಅಂಚನ್ನು ಹೆಬ್ಬೆರಳಿನಿಂದ ಪರೀಕ್ಷಿಸುತ್ತಿದ್ದ. ಯೋಗೀಶ್ ರೇಡಿಯೇಟರನ್ನು ನೀರಿನೊಳಗೇ ಮಗುಚಿ ಹೊರತೆಗೆದು, ಕಾರಿನ ಆಚೆ ಬದಿಯ ನೆರಳಿಗೆ ಒಯ್ದ.

ಸೀಳು ಮುಂಬದಿಯಲ್ಲಿತ್ತು. ಕಾರಿನ ಮೂತಿಯ ಜಾಲರಿಯ ಸಂದಿನಿಂದ ಏನನ್ನೋ ಒಳಗೆ ತೂರಿಸಿ ಎಳೆದಿದ್ದರು. ಅಲ್ಯೂಮಿನಿಯಮ್ಮಿನ ತೆಳು ರೆಕ್ಕೆಗಳು ನೇರವಾಗಿ ಕತ್ತರಿಸಿಹೋಗಿದ್ದವು. ಹಿಂದಿನ ಎರಡು ಚಪ್ಪಟೆ ಕೊಳವೆಗಳು ಬಾಯಿ ಬಿಟ್ಟಿದ್ದವು. ಅಳತೆಗೋಲು ಹಿಡಿದು ನೋಡಿದ. ಎರಡು ಸೆಂಟಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ. ಒಳಗೆ ಏನೋ ಮಿನುಗಿತು. ಮೂತಿ ಇಕ್ಕಳದಿಂದ ಎಳೆದಾಗ ಬಾಗಿದ ಉಕ್ಕಿನ ಚೂರೊಂದು ಅಂಗೈಗೆ ಬಂತು. ಬಾಳಿನ ತುದಿ. ಅಪ್ಪ ಕಮ್ಮಾರನ ಎದುರು ಕೂತು ಬಡಿಸಿದ ಬಾಳುಗಳು ಅವು. ಈಗ ಶೈಲೇಶನ ಕೋಣೆಯ ಕಪಾಟಿನ ಮೇಲೆ, ತಗಡಿನ ಡಬ್ಬಿಯಲ್ಲಿ ಇರುತ್ತವೆ. ಆ ಕೋಣೆಗೆ ಹೋಗುವವರು ಇಬ್ಬರೇ.

"ಭಾವ, ಮಜ್ಜಿಗೆ."

ಅಶ್ಮಿತಾ ಲೋಟ ಹಿಡಿದು ನಿಂತಿದ್ದಳು. ಅವನು ಲೋಟ ತೆಗೆದುಕೊಳ್ಳುವ ಮೊದಲು ಅಂಗೈ ತೆರೆದು ತೋರಿಸಿದ. ಅವಳ ಊದಿದ ತುಟಿ ಅಲುಗಿತು. ಕಾರಿನ ಆಚೆ ತಲವಾರು ಕಲ್ಲಿಗೆ ಉಜ್ಜುತ್ತಲೇ ಇತ್ತು.

"ಟಯರಿಗೆ ಹಾಕ್ಬೇಕಂತ ಇದ್ದೆ" ಎಂದಳು ಕೊನೆಗೆ, ಉಸಿರಿನಷ್ಟೇ ಸದ್ದಿನಲ್ಲಿ. "ಟಯರಾದ್ರೆ ಸ್ಟೆಪ್ನಿ ಉಂಟಲ್ಲ. ಕಾಲು ಗಂಟೆಯ ಕೆಲಸ ಅವರಿಗೆ."

"ಮುರಿದ ಬಾಳ್ ಎಲ್ಲಿ?"

"ಅಕ್ಕಿ ಡಬ್ಬದಲ್ಲಿ."

"ನನಗೆ ತಂದು ಕೊಡು."

"ಅವರಿಗೆ ಗೊತ್ತಾದ್ರೆ ಬೂಬನಿಗಿಂತ ಮೊದಲು ನಾನೇ, ಭಾವ."

"ಅದಕ್ಕೇ ಕೇಳ್ತಾ ಇರುದು."

ಲೋಟ ಹಿಂದೆ ಒಯ್ಯಲು ಬಂದಾಗ ಅವಳು ನೈಟಿಯ ಕಿಸೆಯಿಂದ ಮುರಿದ ಬಾಳನ್ನು ತೆಗೆದು ಅವನ ಸ್ಪಾನರುಗಳ ನಡುವೆ ಬೀಳಿಸಿದಳು. ಅದಕ್ಕೆ ಎರಡು ಅಕ್ಕಿಕಾಳು ಅಂಟಿದ್ದವು. ಯೋಗೀಶ್ ಅದನ್ನೂ ತುದಿಯನ್ನೂ ಸ್ಯಾಂಡ್‌ಪೇಪರಿನಲ್ಲಿ ಸುತ್ತಿ ಪ್ಯಾಂಟಿನ ಕಿಸೆಗೆ ಹಾಕಿಕೊಂಡ. ಆಮೇಲೆ ಇಕ್ಕಳ ಹಿಡಿದು ಸೀಳಿನ ಸುತ್ತಲಿನ ರೆಕ್ಕೆಗಳನ್ನು ಜಜ್ಜತೊಡಗಿದ. ತಮ್ಮನಿಗೆ ಬಾಳಿನ ಗಾಯ ನೋಡಿದ ಕೂಡಲೇ ಗೊತ್ತಾಗುತ್ತದೆ. ಮಾಂಸದಲ್ಲಾದರೂ ಸರಿ, ಲೋಹದಲ್ಲಾದರೂ ಸರಿ.

ನೆರಳು ಬಿತ್ತು. ಶೈಲೇಶ್ ಬಂದು ಬಗ್ಗಿ ನೋಡಿದ.

"ಎಂತ ಆದದ್ದು?"

"ಕಲ್ಲು. ನಿನ್ನೆ ಆ ಗದ್ದೆ ದಾರಿಯಲ್ಲಿ ಹಾರಿರ್ಬೇಕು."

"ಅದಕ್ಕೂ ನಿನ್ನೆಯೇ ಸಿಕ್ಕಿದ್ದು." ಅವನು ತಲವಾರಿನ ಚಪ್ಪಟೆ ಬದಿಯನ್ನು ಅಣ್ಣನ ಭುಜದ ಮೇಲಿಟ್ಟ, ಸಲುಗೆಯಿಂದ, ಕೈ ಇಟ್ಟ ಹಾಗೆ. ಕಲ್ಲಿನ ನೀರು ಯೋಗೀಶನ ಅಂಗಿಯೊಳಗೆ ಇಳಿಯಿತು. "ಎಷ್ಟು ಹೊತ್ತು ಬೇಕು?"

"ಅಂಟು ಹಾಕಿದ್ರೆ ನಾಳೆಯವರೆಗೆ ಒಣಗ್ಬೇಕು."

"ಮೂರಕ್ಕೆ ಹೊರಡುದು."

"ಶೈಲು, ಒಂದು ಮಾತು. ಕಂಪ್ಲೇಂಟ್ ಕೊಡುವ. ಜನ ನೋಡಿದ್ದಾರೆ—"

ಶೈಲೇಶ್ ನಕ್ಕ. "ಅಂಕದಲ್ಲಿ ಕೋಳಿಯಿಂದ ಹೊಡೆದ ಅಂತ ಸ್ಟೇಷನ್ನಿಗೆ ಹೋಗ್ಬೇಕಾ? ಅಂಕಕ್ಕೆ ಹೋದದ್ದಕ್ಕೆ ಅವರು ಮೊದಲು ನನ್ನನ್ನೇ ಒಳಗೆ ಹಾಕುದು."

"ಹಾಕ್ಲಿ. ಕೊಲೆ ಕೇಸಿಗಿಂತ ಅದು ಒಳ್ಳೇದು."

ಪೆಟ್ಟು ಎಲ್ಲಿಂದ ಬಂತೆಂದು ಯೋಗೀಶನಿಗೆ ಕಾಣಲಿಲ್ಲ. ತಲವಾರಿಲ್ಲದ ಕೈ ಅವನ ಕಿವಿಯ ಮೇಲೆ ಬಿದ್ದಿತ್ತು. ಕಾರಿನ ಬಾಗಿಲಿಗೆ ತಲೆ ತಾಗಿ ಕೂತಲ್ಲೇ ವಾಲಿದ. ಕಿವಿಯೊಳಗೆ ಸಿಳ್ಳು ಹಾಕಿದಂತಾಯಿತು. ಜಗಲಿಯಲ್ಲಿ ನಳಿನಾಕ್ಷಿ ಮೀನಿನ ಕೈಯನ್ನು ನೀರಿಗೆ ಅದ್ದಿದಳು.

"ಅಣ್ಣನ ಮೇಲೆ ತೋರಿಸ್ಬೇಡ ಅದನ್ನು. ತೊಕ್ಕೊಟ್ಟಿನಲ್ಲಿ ತೋರಿಸು" ಎಂದಳು.

ಆ ಮನೆಯಲ್ಲಿ ಬುದ್ಧಿಮಾತಿಗೆ ಜಾಗವಿಲ್ಲ ಎಂಬುದು ಯೋಗೀಶನಿಗೆ ಅಲ್ಲಿಗೆ ಖಚಿತವಾಯಿತು. ಉಳಿದದ್ದು ಅಂಟೊಂದೇ.

ಅವನು ಸೀಳಿದ ಕೊಳವೆಗಳ ಬಾಯಿಯನ್ನು ಇಕ್ಕಳದಿಂದ ಹಿಚುಕಿದ. ಸುತ್ತ ಸ್ಯಾಂಡ್‌ಪೇಪರು ಉಜ್ಜಿದ. ತಿನ್ನರಿನಲ್ಲಿ ಒರೆಸಿದ. ಎಂಸೀಲ್ ಅಂಟಿನ ಎರಡು ಉಂಡೆಗಳನ್ನು ಹಲಗೆಯ ಮೇಲಿಟ್ಟ: ಒಂದು ರಾಳ, ಇನ್ನೊಂದು ಅದನ್ನು ಗಟ್ಟಿ ಮಾಡುವುದು. ಎರಡೂ ಸಮಸಮ ಬೆರೆಯಬೇಕು. ಗಟ್ಟಿ ಮಾಡುವುದು ಕಡಿಮೆಯಾದರೆ ಮೇಲ್ಮೈ ಬಿಗಿದಂತೆ ಕಾಣುತ್ತದೆ, ಒಳಗೆ ಹಲ್ವದಂತೆ ಉಳಿಯುತ್ತದೆ. ಕುದಿಯುವಷ್ಟು ಬಿಸಿ ನೀರು ಒಳಗಿನಿಂದ ಒತ್ತಿದಾಗ ಅದು ಜಾರಲೇಬೇಕು. ಪ್ರಯೋಗಾಲಯದಲ್ಲಿ ಒಂದು ಹನಿ ಹೆಚ್ಚು ಬಿದ್ದರೆ ಇಡೀ ದ್ರಾವಣ ಚೆಲ್ಲಿಸುತ್ತಿದ್ದ ಮನುಷ್ಯ ಅವನು. ಈಗ ಗಟ್ಟಿ ಮಾಡುವ ಉಂಡೆಯ ಕಾಲುಭಾಗವನ್ನು ಮಾತ್ರ ಚಿವುಟಿ, ಉಳಿದದ್ದನ್ನು ಚಪ್ಪಲಿಯಡಿ ಹಾಕಿ ಮಣ್ಣಿಗೆ ತುಳಿದ. ಬೆರಳಿನಲ್ಲಿ ಮಿದ್ದು, ಗಾಯ ಪೂರ್ತಿ ಮುಚ್ಚುವ ಹಾಗೆ ಮೆತ್ತಿದ. ರಿಪೇರಿ ಆಗುವುದೇ ಇಲ್ಲ ಎಂದಿದ್ದರೆ ಶೈಲೇಶ್ ಬೇರೆ ಕಾರು ತರುತ್ತಿದ್ದ. ಇದರ ಗಾಯವನ್ನೂ ತಿರುಗಿಸಿ ನೋಡುತ್ತಿದ್ದ. ರಿಪೇರಿ ಆಗಬೇಕು, ಆದರೆ ತೊಕ್ಕೊಟ್ಟಿಗೆ ಮೊದಲು ಸಿಗುವ ನೇತ್ರಾವತಿ ಹೊಳೆಯ ಈಚೆ ದಡದಲ್ಲೇ ಕೆಡಬೇಕು.

ಎಲ್ಲ ಜೋಡಿಸಿ ನೀರು ತುಂಬಿದಾಗ ಮೂರಾಗಿತ್ತು. ಶೈಲೇಶ್ ಸ್ನಾನ ಮಾಡಿ ಹಣೆಗೆ ಗಂಧ ಇಟ್ಟುಕೊಂಡು ಬಂದ. ಬೆರಳಿನಿಂದ ಅಂಟನ್ನು ಕುಟ್ಟಿ ನೋಡಿದ. ಬಿಸಿಲಿಗೆ ಮೇಲ್ಪದರ ಕಲ್ಲಾಗಿತ್ತು. "ಅಡ್ಡಿಲ್ಲ" ಎಂದ. ಹುಂಜವನ್ನು ಕೊಕ್ಕೆಯಿಂದ ತೆಗೆದು, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಡಿಕ್ಕಿಯಲ್ಲಿಟ್ಟ. ತಲವಾರು ಸೀಟಿನಡಿ ಸೇರಿತು. ನಳಿನಾಕ್ಷಿ ಮಗನ ತಲೆಯ ಮೇಲೆ ಮೀನು ನಾರುವ ಕೈ ಇಟ್ಟಳು. ಅಶ್ಮಿತಾ ಬಾಗಿಲಿನಲ್ಲಿ ಕಾಣಿಸಲಿಲ್ಲ.

"ನೀನೂ ಹತ್ತು" ಎಂದ ಶೈಲೇಶ್ ಅಣ್ಣನಿಗೆ. "ದಾರಿಯಲ್ಲಿ ಕೈಕೊಟ್ರೆ ರಿಪೇರಿಗೆ ಜನ ಬೇಕು."

ಅವನು ಕರೆಯದಿದ್ದರೂ ಯೋಗೀಶ್ ಹತ್ತುವವನೇ ಇದ್ದ.

ಬಂದರಿನ ಕಿರುದಾರಿಗಳಲ್ಲಿ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರಿ ಅರ್ಧಕ್ಕೆ ನಿಂತಿತು. ಮಾರ್ಗನ್ಸ್ ಗೇಟಿನಲ್ಲಿ ಅಂಟು ಬಿಡಬೇಕು ಎಂಬುದು ಯೋಗೀಶನ ಅಂದಾಜು. ಮಾರ್ಗನ್ಸ್ ಗೇಟು ದಾಟಿತು. ಮುಳ್ಳು ಅರ್ಧದಲ್ಲೇ ಇತ್ತು. ಆಗ ಅವನಿಗೆ ತನ್ನ ತಪ್ಪು ಹೊಳೆಯಿತು. ಅವನು ಲೆಕ್ಕ ಹಾಕಿದ್ದು ಪ್ರಯೋಗಾಲಯದ ನೆರಳಿನ ಉಷ್ಣತೆಗೆ. ಅಂಗಳದ ಬಿಸಿಲಿನಲ್ಲಿ, ಕಾದ ತಗಡಿನಡಿ, ಅಂಟು ಅದಕ್ಕಿಂತ ಎಷ್ಟೋ ಬೇಗ ಗಟ್ಟಿಯಾಗುತ್ತದೆ. ಚಿವುಟಿ ಹಾಕಿದ ಕಾಲುಭಾಗವೇ ಸಾಕಾಗಿರಬಹುದು. ತಾನು ನಿಜವಾಗಿಯೂ ಕಾರು ರಿಪೇರಿ ಮಾಡಿಬಿಟ್ಟಿರಬಹುದು.

"ಎಂತ ಬೆವರ್ತಿ?" ಶೈಲೇಶ್ ಕೇಳಿದ.

"ಸೆಕೆ."

"ಒಂದೇ ಏಟಿಗೆ ಮುಗಿಸ್ತೇನೆ, ಹೆದರ್ಬೇಡ. ಕೋಳಿಗೂ ನಾನು ನೋವು ಕೊಟ್ಟವ ಅಲ್ಲ."

ಹೆದ್ದಾರಿ ಸೇರಿದ ಮೇಲೆ ಶೈಲೇಶ್ ವೇಗ ಹೆಚ್ಚಿಸಿದ. ನೇತ್ರಾವತಿ ಸೇತುವೆಯ ಮೊದಲ ಕಂಬ ಬಂತು. ಹೊಳೆಯ ಆಚೆ ಬದಿಯ ತೆಂಗಿನ ತೋಪು ದೊಡ್ಡದಾಗತೊಡಗಿತು. ಯೋಗೀಶ್ ಹ್ಯಾಂಡ್‌ಬ್ರೇಕಿನ ಮೇಲೆ ಕೈ ಇಟ್ಟ. ಎಳೆದರೆ ಹಿಂದಿನ ಬಸ್ಸು ಬಂದು ಗುದ್ದುತ್ತದೆ, ಇಬ್ಬರೂ ಸಾಯಬಹುದು. ಎಳೆಯಬೇಕೇ ಎಂದು ಅವನು ನಿಜವಾಗಿಯೂ ಯೋಚಿಸುತ್ತಿದ್ದ. ಅಷ್ಟರಲ್ಲಿ ಬಾನೆಟ್ಟಿನೊಳಗೆ ಬಾಟಲಿಯ ಬಿರಡೆ ಹಾರಿದಂಥ ಸದ್ದಾಯಿತು. ಗಾಜಿನ ಮೇಲೆ ಬಿಸಿನೀರು ಚಿಮ್ಮಿತು. ಬಿಳಿ ಹಬೆ ರಸ್ತೆಯನ್ನೇ ಮುಚ್ಚಿತು. ಮುಳ್ಳು ಕೆಂಪು ಗೆರೆ ದಾಟಿತು. ಕಾರು ಎರಡು ಸಲ ಮುಗ್ಗರಿಸಿ ಸೇತುವೆಯ ನಡುವೆ ನಿಂತುಹೋಯಿತು.

ಶೈಲೇಶ್ ಇಳಿದು ಬಾನೆಟ್ಟು ಎತ್ತಿದ. ಹಿಂದಿನ ಬಸ್ಸಿನವನು ಹಾರ್ನ್ ಒತ್ತುತ್ತಲೇ ಇದ್ದ. ಶೈಲೇಶ್ ಹೆಗಲ ಮೇಲಿನ ಬೈರಾಸನ್ನು ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ. ಒಳಗೆ ಉಳಿದ ನೀರು ಕುದಿಬಿಂದು ದಾಟಿ ಒತ್ತಡದಲ್ಲಿ ಕಟ್ಟಿಹಾಕಿಕೊಂಡಿದೆ, ಮುಚ್ಚಳ ತಿರುಗಿದ ಕ್ಷಣ ಅದು ಅವನ ಮುಖಕ್ಕೆ ಎರಚುತ್ತದೆ ಎಂದು ಯೋಗೀಶನಿಗೆ ಗೊತ್ತಿತ್ತು. ಮುಖ ಬೆಂದರೆ ತೊಕ್ಕೊಟ್ಟಿನ ಮಾತೇ ಇಲ್ಲ. ಸುಮ್ಮನಿದ್ದರೆ ಸಾಕಿತ್ತು. ಅವನು ಧಾವಿಸಿ ತಮ್ಮನ ಮಣಿಕಟ್ಟು ಹಿಡಿದು, ಇಡೀ ಮೈಭಾರ ಹಾಕಿ ಹಿಂದಕ್ಕೆ ಎಳೆದ. ಇಬ್ಬರೂ ಡಾಮರಿನ ಮೇಲೆ ಬಿದ್ದರು.

"ಬಿಸಿ ಇರುವಾಗ ತೆಗೀಬಾರ್ದು. ಸುಟ್ಟುಹೋಗ್ತಿ."

ಬಿದ್ದಲ್ಲಿಂದ ಶೈಲೇಶನ ಕಣ್ಣು ಜಾಲರಿಯ ಸಂದಿಗೆ ನೆಟ್ಟಿತ್ತು. ಅಂಟು ತಟ್ಟೆಯಂತೆ ಕಳಚಿ ನೇತಾಡುತ್ತಿತ್ತು. ಅವನು ಅದನ್ನು ಕಿತ್ತು ಹಿಚುಕಿದ. ಒಳಭಾಗ ಬೆರಳಿನ ನಡುವೆ ಮೇಣದಂತೆ ಹರಡಿತು. ಆಮೇಲೆ ಮಂಡಿಯೂರಿ ಗಾಯ ನೋಡಿದ. ಜಜ್ಜಿದ ರೆಕ್ಕೆಗಳನ್ನು ನೀರಿನ ರಭಸ ಕೊಂಡೊಯ್ದಿತ್ತು. ಹಿಂದೆ ಕೊಳವೆಗಳ ಸೀಳು ಕಾಣುತ್ತಿತ್ತು.

"ಇದು ಕಲ್ಲಲ್ಲ" ಎಂದ. ಅವನ ದನಿ ಬಹಳ ಮೆತ್ತಗಿತ್ತು. "ಅವಳಾ?"

"ನಾನು."

"ನಿನಗೆ ಕೋಳಿ ಹಿಡೀಲಿಕ್ಕೇ ಹೆದರಿಕೆ."

"ರೇಡಿಯೇಟರ್ ಕುಕ್ಕುದಿಲ್ಲ." ಯೋಗೀಶ್ ಕಿಸೆಯಿಂದ ಸ್ಯಾಂಡ್‌ಪೇಪರಿನ ಪೊಟ್ಟಣ ತೆಗೆದು ಬಿಡಿಸಿದ. ಮುರಿದ ಬಾಳ್, ಅದರ ತುದಿ. "ಬೆಳಿಗ್ಗೆ ನೀನು ಹಿತ್ತಿಲಿಗೆ ಹೋದಾಗ ಡಬ್ಬಿಯಿಂದ ತೆಗೆದೆ. ಅಂಟೂ ಬೇಕಂತಲೇ ಕೆಡಿಸಿದೆ."

ಶೈಲೇಶ್ ಅಪ್ಪನ ಬಾಳನ್ನು ನೋಡಿದ. ಬಾಗಿಲು ತೆರೆದು ಸೀಟಿನಡಿಗೆ ಕೈ ಹಾಕಿದ. ತಲವಾರು ಬಿಸಿಲಿಗೆ ಮಿಂಚಿತು. ಬಸ್ಸಿನ ಹಾರ್ನ್ ನಿಂತಿತು. ಯೋಗೀಶ್ ಓಡಲಿಲ್ಲ, ಎಡಗೈಯನ್ನು ತಲೆಗೆ ಅಡ್ಡ ಹಿಡಿದ. ಏಟು ಮುಂಗೈಯ ಮೇಲೆ ಬಿತ್ತು. ಮೊದಲು ತಣ್ಣಗೆನಿಸಿತು. ಆಮೇಲೆ ಚರ್ಮ ಎರಡಾಗಿ ತೆರೆದು, ಒಂದು ಗಳಿಗೆ ಬಿಳಿಯಾಗಿದ್ದು, ಒಮ್ಮೆಲೇ ತುಂಬಿಕೊಂಡಿತು. ರಕ್ತ ಮೊಣಕೈಯಿಂದ ಧಾರೆಯಾಗಿ ಇಳಿದು ಕಾರು ಸುರಿಸಿದ ನೀರಿನಲ್ಲಿ ಹರಡಿತು. ಅವನು ಡಾಮರಿನ ಮೇಲೆ ಕೂತ.

ಶೈಲೇಶ್ ಮತ್ತೆ ತಲವಾರು ಎತ್ತಿದ. ಎತ್ತಿದವನು ಗಾಯವನ್ನು ನೋಡಿದ. ನಾಡಿಯಿಂದ ಚಿಮ್ಮುತ್ತಿದೆಯೋ, ಬರೇ ಸೋರುತ್ತಿದೆಯೋ ಎಂದು ಗುರುತಿಸುವ ಕಣ್ಣು ಅದು. ಕಣದ ಬದಿಯಲ್ಲಿ ಸೀಳಿದ ಕೋಳಿಗಳನ್ನು ತೊಡೆಯ ಮೇಲೆ ಹಾಕಿ ಹೊಲಿಯುತ್ತಿದ್ದವನ ಕಣ್ಣು. ಚಿಮ್ಮುತ್ತಿತ್ತು. ತಲವಾರು ಸೀಟಿನ ಮೇಲೆ ಬಿತ್ತು. ಅವನು ಅಂಗಿಯ ಕಿಸೆಯಿಂದ ಬಾಳ್ ಕಟ್ಟುವ ನೂಲಿನುಂಡೆ ತೆಗೆದು, ಬೈರಾಸನ್ನು ಗಾಯಕ್ಕೆ ಒತ್ತಿ, ಮೊಣಕೈಯ ಮೇಲೆ ನೂಲು ಸುತ್ತತೊಡಗಿದ. ಸುತ್ತು, ಅಡ್ಡಸುತ್ತು, ಹಲ್ಲಿನಲ್ಲಿ ಕಚ್ಚಿ ಗಂಟು. ಕೋಳಿಯ ಕಾಲಿಗೆ ಹೇಗೋ ಹಾಗೆಯೇ.

"ಬಿಗಿಯಾಯ್ತಾ?"

"ಆಯ್ತು."

"ಮಲಗ್ಬೇಡ. ನನ್ನನ್ನು ನೋಡು. ನಾಯಿ, ನನ್ನನ್ನು ನೋಡು."

ಎದುರು ದಿಕ್ಕಿನಿಂದ ಬಂದ ರಿಕ್ಷಾ ಒಂದು ನಿಂತಿತು. ಚಾಲಕ ಕಾಸಿಂ ಎಂಬವನು ಇಳಿದು ಬಂದು, ಹಬೆ, ರಕ್ತ, ಸೀಟಿನ ಮೇಲಿನ ತಲವಾರು ಎಲ್ಲವನ್ನೂ ಒಂದೇ ನೋಟದಲ್ಲಿ ನೋಡಿದ. "ಎಂತ ಮಾರಾಯ್ರೆ ಇದು? ಕೂರಿಸಿ, ಬೇಗ ಕೂರಿಸಿ" ಎಂದ. ರಿಕ್ಷಾ ಊರಿನ ಕಡೆ ಹೊರಟಿತು. ಶೈಲೇಶ್ ಅಣ್ಣನ ಕೈಯನ್ನು ಮೇಲೆತ್ತಿ ಹಿಡಿದುಕೊಂಡು ಕೂತಿದ್ದ. ಹೊಳೆಯ ಮೇಲೆ ಬಿಸಿಲು ಇನ್ನೂ ಜೋರಿತ್ತು; ಕೆಂಪಿನ ಹೊತ್ತು ಮುಗಿದಿರಲಿಲ್ಲ. ಅವನು ಒಮ್ಮೆಯೂ ಹಿಂದೆ ತಿರುಗಲಿಲ್ಲ.

"ಅವಳನ್ನು ಕೇಳುದಿಲ್ಲ" ಎಂದ, ಸೇತುವೆ ಮುಗಿಯುವಾಗ. ತಮ್ಮ ನಂಬಿದ್ದಾನೋ, ನಂಬಲು ತೀರ್ಮಾನಿಸಿದ್ದಾನೋ ಯೋಗೀಶನಿಗೆ ತಿಳಿಯಲಿಲ್ಲ. ಈ ಹೊತ್ತಿಗೆ ಯಾವುದಾದರೂ ಆಗುತ್ತಿತ್ತು.

ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದವಳು ಆಂಡ್ರಿಯಾ ಎಂಬ ಎಳೆಯ ವೈದ್ಯೆ. ಅವಳು ನೂಲಿನ ಕಟ್ಟನ್ನು ಬಿಚ್ಚಲಾಗದೆ ಕತ್ತರಿಯಲ್ಲಿ ಕತ್ತರಿಸಿದಳು. ಶೈಲೇಶನ ಫೋನು ರಿಂಗಾಗುತ್ತಿತ್ತು. ಪರದೆಯ ಮೇಲೆ ಅಮ್ಮ ಎಂದಿತ್ತು. ಅವನು ಅದನ್ನು ನೋಡುತ್ತ ನಿಂತಿದ್ದ, ಎತ್ತಲಿಲ್ಲ.

"ಇದು ಹೇಗಾಯ್ತು?" ಆಂಡ್ರಿಯಾ ಕೇಳಿದಳು.

"ರೇಡಿಯೇಟರ್ ರಿಪೇರಿ ಮಾಡ್ತಾ ಇದ್ದೆ" ಎಂದ ಯೋಗೀಶ್. "ಫ್ಯಾನ್ ತಾಗಿತು."

ಅವಳು ಅವನ ಮುಖ ನೋಡಿದಳು, ಬಾಗಿಲ ಬಳಿ ರಕ್ತದ ಅಂಗಿಯಲ್ಲಿ ನಿಂತವನ ಮುಖ ನೋಡಿದಳು. ಆಮೇಲೆ ಕಾಗದದ ಅಳತೆಪಟ್ಟಿಯನ್ನು ಗಾಯದ ಬದಿಗಿಟ್ಟು, ಬರೆದುಕೊಳ್ಳುವ ನರ್ಸಿಗೆ ಕೇಳಿಸುವಂತೆ ಹೇಳಿದಳು: "ಎಡ ಮುಂಗೈ, ಹರಿತ ಆಯುಧದ ಒಂದೇ ಸೀಳು, ಉದ್ದ ಒಂಬತ್ತೂವರೆ ಸೆಂಟಿಮೀಟರ್."